ಎಡಗಡೆಯಿಂದ ಕೇಳಿಸಿದ ಗಾಡಿ

ಆ ಮಂಗಳವಾರ ಬೆಳಿಗ್ಗೆ ನನ್ನ ಕೈಯಲ್ಲಿದ್ದ ತಪಾಸಣಾ ಪಟ್ಟಿಯಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಮಿಕ್ಕಿದ್ದಕ್ಕೆಲ್ಲ ಹಿಂದಿನ ವಾರವೇ ಟಿಕ್ ಹಾಕಿದ್ದೆ. ಲಿಫ್ಟಿನ ಗುಂಡಿಗಳ ಎತ್ತರ, ಮೆಟ್ಟಿಲಿನ ಕಂಬಿಯ ಮೇಲಿನ ಬ್ರೈಲ್ ಫಲಕ, ಪ್ಲಾಟ್‌ಫಾರ್ಮಿಗೂ ಗಾಡಿಯ ಬಾಗಿಲಿಗೂ ನಡುವಿನ ಸಂದು, ಎಲ್ಲ ಅಳತೆಯೂ ಸರಿಯಿತ್ತು. ಉಳಿದಿದ್ದ ಸಾಲು ಇದು: ‘ದೃಷ್ಟಿ ಇಲ್ಲದ ಪ್ರಯಾಣಿಕರೊಬ್ಬರು ಯಾರ ನೆರವೂ ಇಲ್ಲದೆ ಲಿಫ್ಟಿನಿಂದ ನಡೆದು ಬಂದು ಗಾಡಿ ಹತ್ತುವುದು.’ ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಊಟದ ಹೊತ್ತಿಗೆ ಆಫೀಸಿಗೆ ಮರಳಬಹುದೆಂದು ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ.

ನಿಲ್ದಾಣ ಇರುವುದು ದ ಹೇಗ್ ಮತ್ತು ರಾಟರ್‌ಡ್ಯಾಮ್ ನಡುವಿನ ಒಂದು ಹೊಸ ಬಡಾವಣೆಯಲ್ಲಿ, ಮೇಲ್ಸೇತುವೆಯ ಮೇಲೆ. ಅಲ್ಲಿ ಓಡುವುದು ಲೈಟ್ ರೈಲ್. ಊರೊಳಗೆ ಟ್ರಾಮ್‌ನ ಹಾಗೆ ರಸ್ತೆಯಲ್ಲಿ, ಊರಾಚೆ ರೈಲಿನ ಹಾಗೆ ತನ್ನದೇ ಹಳಿಯ ಮೇಲೆ ಹೋಗುವ ಗಾಡಿ. ಪ್ಲಾಟ್‌ಫಾರ್ಮ್ ನಡುವೆ ಒಂದೇ. ಅದರ ಎರಡೂ ಅಂಚಿಗೆ ಹಳಿ. ಲಿಫ್ಟಿನಿಂದ ಹೊರಬಂದರೆ ಎಡ ಅಂಚಿಗೆ ದ ಹೇಗ್ ಕಡೆಯ ಗಾಡಿ ಬರುತ್ತದೆ, ಬಲ ಅಂಚಿಗೆ ರಾಟರ್‌ಡ್ಯಾಮ್ ಕಡೆಯದು. ಹತ್ತು ಹೆಜ್ಜೆ ಮುಂದೆ, ಮಧ್ಯದಲ್ಲಿ, ಗಾಳಿಮಳೆಗೆ ಮರೆಯಾಗಿ ಉದ್ದನೆಯ ಗಾಜಿನ ಶೆಲ್ಟರ್.

ನೆಲದ ಮೇಲಿನ ಗೆರೆ ನನ್ನ ಕೆಲಸ. ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಉಬ್ಬುಗೀರುಗಳಿರುವ ಹಳದಿ ಪಟ್ಟಿಯನ್ನು ನೀವು ನೋಡಿರುತ್ತೀರಿ. ಇಲ್ಲಿ ಅದು ಬಿಳಿ ಬಣ್ಣದ್ದು, ಡಚ್ಚರು ಅದನ್ನು ‘ಖೆಲೈಡೆಲೈನ್’ ಅನ್ನುತ್ತಾರೆ. ಕಣ್ಣು ಕಾಣದವರು ಕೋಲಿನ ತುದಿಯನ್ನು ಆ ಗೀರುಗಳ ಮೇಲೆ ಆಡಿಸುತ್ತ ನಡೆಯುತ್ತಾರೆ. ದಾರಿ ಕವಲೊಡೆಯುವಲ್ಲಿ ಗೀರುಗಳಿಲ್ಲದ ಒಂದು ನುಣುಪು ರಬ್ಬರ್ ಹಲಗೆ ಇರುತ್ತದೆ. ಕೋಲು ತಾಗಿದರೆ ಟೊಳ್ಳಾದ ಸದ್ದು ಬರುತ್ತದೆ. ಇಲ್ಲಿ ನಿಲ್ಲು, ಯೋಚಿಸು ಎಂದು ಅದರರ್ಥ. ಈ ನಿಲ್ದಾಣದಲ್ಲಿ ಗೆರೆ ಲಿಫ್ಟಿನಿಂದ ಹೊರಟು, ಗಾಜಿನ ಶೆಲ್ಟರಿನ ಎಡ ಮಗ್ಗುಲಲ್ಲೇ ಸಾಗಿ, ಶೆಲ್ಟರ್ ಮುಗಿದ ಮೇಲೆ ಎರಡಾಗಿ ಕವಲೊಡೆಯುತ್ತಿತ್ತು. ಒಂದು ಎಡ ಅಂಚಿಗೆ, ಇನ್ನೊಂದು ಬಲ ಅಂಚಿಗೆ. ನಕ್ಷೆ ನನ್ನದೇ.

ಪರೀಕ್ಷೆಗೆ ಬಂದವರು ಐವತ್ತು ದಾಟಿದ ಡಚ್ ಮಹಿಳೆ. ಹುಟ್ಟಿನಿಂದಲೇ ಕಣ್ಣು ಕಾಣದು. ರಾಟರ್‌ಡ್ಯಾಮಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಹೊಸ ನಿಲ್ದಾಣಗಳನ್ನು ಹೀಗೆ ನಡೆದು ನೋಡಿ ಹೇಳುವುದು ಅವರು ಬಿಡುವಿನಲ್ಲಿ ಮಾಡುವ ಕೆಲಸ. ಈ ನಿಲ್ದಾಣದ ಬಗ್ಗೆ ಅವರಿಗೆ ಹೆಚ್ಚಿನ ಆಸೆ ಇತ್ತು, ಏಕೆಂದರೆ ಅವರ ಮನೆ ಕೆಳಗಿನ ಮೂರನೆಯ ಬೀದಿಯಲ್ಲಿ.

“ಇಷ್ಟು ದಿನ ಎರಡು ಬಸ್ ಬದಲಾಯಿಸಿ ಹೋಗ್ತಿದ್ದೆ. ಇನ್ನು ಹದಿನಾರು ದಿನಕ್ಕೆ ಇದರ ಉದ್ಘಾಟನೆ, ಆಮೇಲೆ ಒಂದೇ ಗಾಡಿ” ಅಂದರು. ಪರಿಚಯವಾದ ಎರಡನೇ ನಿಮಿಷಕ್ಕೆ ನನ್ನನ್ನು ಏಕವಚನದಲ್ಲಿ ಕರೆದರು, ತಮ್ಮನ್ನೂ ಹಾಗೇ ಕರೆಯಲು ಹೇಳಿದರು. ಡಚ್ಚಿನಲ್ಲಿ ಅದು ಸಲೀಸು. ಕನ್ನಡದಲ್ಲಿ ಬರೆಯುವಾಗ ಮಾತ್ರ ನನಗೆ ಕೈ ಬರುತ್ತಿಲ್ಲ.

ನಿಯಮ ಸರಳ. ಎಡ ಹಳಿಯನ್ನು ಆ ಗಂಟೆಯ ಮಟ್ಟಿಗೆ ಮುಚ್ಚಿದ್ದೆವು. ಬಲ ಹಳಿಗೆ ಖಾಲಿ ಗಾಡಿಯೊಂದು ಬಂದು ನಿಲ್ಲುತ್ತದೆ. ಯಾವ ಕಡೆ ಎಂದು ಅವರಿಗೆ ಹೇಳುವಂತಿಲ್ಲ. ಅವರು ಲಿಫ್ಟಿನಿಂದ ಹೊರಟು ತಾವೇ ಕಂಡುಕೊಂಡು ಹತ್ತಬೇಕು. ನಾನು ಎರಡು ಹೆಜ್ಜೆ ಹಿಂದೆ, ಬಾಯಿ ಮುಚ್ಚಿಕೊಂಡು.

ಅವರು ಚುರುಕಾಗಿ ನಡೆದರು. ಶೆಲ್ಟರಿನ ಮಗ್ಗುಲಿಗೆ ಬರುವಷ್ಟರಲ್ಲಿ ಬಲಗಡೆ ಗಾಡಿ ಬಂದು ನಿಂತಿತು. ಬಾಗಿಲು ತೆರೆಯಿತು, ಬಾಗಿಲಿನ ಬೀಪ್ ಸದ್ದು ಶುರುವಾಯಿತು. ಆ ಸದ್ದಿಗೆ ಯಾರ ಹೆಜ್ಜೆಯಾದರೂ ಬೇಗ ಬೇಗ ಬೀಳುತ್ತದೆ. ಅವರದೂ ಹಾಗೇ ಆಯಿತು. ಕವಲಿನ ರಬ್ಬರ್ ಹಲಗೆಗೆ ಕೋಲು ತಾಗಿತು. ಅವರು ಒಂದು ಗಳಿಗೆಯೂ ನಿಲ್ಲದೆ ಎಡಕ್ಕೆ ತಿರುಗಿದರು.

ತಪ್ಪು ತಿಳಿದೊಡನೆ ನಿಲ್ಲುತ್ತಾರೆ ಎಂದು ಕಾದೆ. ನಿಲ್ಲಲಿಲ್ಲ. ಕೋಲಿನ ತುದಿ ಅಂಚಿನಾಚೆ ಗಾಳಿಗೆ ಇಳಿಯಿತು. ಪ್ಲಾಟ್‌ಫಾರ್ಮಿಗೂ ಬಾಗಿಲಿಗೂ ನಡುವಿನ ಸಂದು ಅದು ಎಂದುಕೊಂಡು ಅವರು ಅದನ್ನು ದಾಟಲು ಬಲಗಾಲನ್ನು ಎತ್ತಿ ಮುಂದಿಟ್ಟರು. ಮುಂದೆ ಗಾಡಿಯೇ ಇರಲಿಲ್ಲ.

ಕೋಟಿನ ಬೆನ್ನಿಗೆ ಕೈ ಹಾಕಿ ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಕೋಲು ಹಳಿಯ ಮೇಲೆ ಬಿದ್ದ ಸದ್ದು ಕೇಳಿತು.

ಅವರು ಅಳಲಿಲ್ಲ, ಕೂಗಲಿಲ್ಲ. ಕುಳಿತಲ್ಲೇ ತಮ್ಮ ಮೊಣಕಾಲನ್ನು ರೋಗಿಯ ಕಾಲು ನೋಡುವ ಹಾಗೆ ಒತ್ತಿ, ಮಡಿಸಿ, ಬಿಚ್ಚಿ ನೋಡಿದರು. “ಮೂಳೆಗೇನೂ ಆಗಿಲ್ಲ” ಎಂದರು. ಆಮೇಲೆ ಕೇಳಿದರು: “ಗಾಡಿ ಎಲ್ಲಿದೆ?”

“ಬಲಗಡೆ. ನಮ್ಮ ಬೆನ್ನ ಹಿಂದೆ.”

“ಇಲ್ಲ. ಅದು ಎಡಗಡೆ ಬಂತು. ಬಾಗಿಲು ಎಡಗಡೆ ಬೀಪ್ ಅಂತು.”

“ಎಡ ಹಳಿ ಖಾಲಿ ಇದೆ.”

ಅವರು ನಿಧಾನವಾಗಿ ಹೇಳಿದರು: “ನಲವತ್ತು ವರ್ಷದಿಂದ ಒಬ್ಬಳೇ ಓಡಾಡ್ತಿದ್ದೀನಿ. ಗಾಡಿ ಯಾವ ಕಡೆ ಇದೆ ಅನ್ನೋದನ್ನ ನಾನು ತಪ್ಪು ಕೇಳಿಸಿಕೊಳ್ಳಲ್ಲ. ನಿಮ್ಮ ನಿಲ್ದಾಣದಲ್ಲಿ ಏನೋ ಇದೆ.”

ಅವರನ್ನು ಮನೆಗೆ ಬಿಟ್ಟು ಬಂದು ಪ್ರಾಜೆಕ್ಟ್ ಲೀಡರ್ ಮುಂದೆ ಕುಳಿತೆ. ಆತ ಎತ್ತರದ, ಮಾತು ಕಡಿಮೆಯ ಮನುಷ್ಯ. ಇಡೀ ನಿಲ್ದಾಣದ ಜವಾಬ್ದಾರಿ ಆತನದು. ಮೊದಲು ಕೇಳಿದ್ದು ಅವರ ಮೊಣಕಾಲಿನ ಬಗ್ಗೆಯೇ. ಅನಂತರ ನನ್ನ ನಕ್ಷೆ ಹರಡಿಕೊಂಡು ಒಂದೊಂದೇ ಅಳತೆ ಕೇಳುತ್ತ ಹೋದ. ಗೆರೆಯ ಅಗಲ? ಅರವತ್ತು ಸೆಂಟಿಮೀಟರ್. ಎರಡೂ ಮಗ್ಗುಲಿಗೆ ಅಡೆತಡೆ ಇಲ್ಲದ ಜಾಗ? ಅಷ್ಟೇ, ಅರವತ್ತು. ನೆಲಕ್ಕೂ ಗೆರೆಗೂ ಬಣ್ಣದ ವ್ಯತ್ಯಾಸ? ಸರಿಯಿದೆ. ಅಂಚಿನ ಎಚ್ಚರಿಕೆಯ ಪಟ್ಟಿ? ಇದೆ.

“ಹಾಗಾದರೆ ನಿಲ್ದಾಣ ನಿಯಮದ ಪ್ರಕಾರವೇ ಇದೆ” ಎಂದ. “ಪ್ರಕಟಣೆಯ ಸ್ಪೀಕರುಗಳು ಇನ್ನೂ ಶುರುವಾಗಿಲ್ಲ. ಅವು ಯಾವ ಕಡೆ ಗಾಡಿ ಅಂತ ಹೇಳುತ್ತವೆ. ದಿನಾ ಬರುವವರಿಗೆ ಬಲಗಡೆ ರಾಟರ್‌ಡ್ಯಾಮ್ ಅನ್ನುವುದು ಗೊತ್ತಿರುತ್ತದೆ. ‘ಟಿಪ್ಪಣಿಯೊಂದಿಗೆ ಒಪ್ಪಿಗೆ’ ಅಂತ ಹಾಕು.”

ಪಟ್ಟಿಯ ಕೊನೆಯಲ್ಲಿ ಮೂರು ಚೌಕಗಳಿದ್ದವು: ಒಪ್ಪಿಗೆ, ಟಿಪ್ಪಣಿಯೊಂದಿಗೆ ಒಪ್ಪಿಗೆ, ಒಪ್ಪಿಗೆ ಇಲ್ಲ. ಸಹಿ ಮಾಡಬೇಕಾದವಳು ನಾನು. ಆತ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸ್ಪೀಕರುಗಳು ಕೆಡುತ್ತವೆ. ರಿಪೇರಿ ಇದ್ದ ದಿನ ಗಾಡಿಗಳು ಹಳಿ ಬದಲಿಸುತ್ತವೆ. ಮೊದಲ ಸಲ ಬರುವವರು ಎಲ್ಲ ನಿಲ್ದಾಣಕ್ಕೂ ಇರುತ್ತಾರೆ. “ಎರಡು ದಿನ ಕೊಡಿ, ಕಾರಣ ಹುಡುಕುತ್ತೇನೆ” ಎಂದೆ. ಆತ ಕ್ಯಾಲೆಂಡರ್ ನೋಡಿ ಹೂಂ ಅಂದ.

ಗಾಡಿಗಳ ಪರೀಕ್ಷಾ ಓಟವನ್ನು ನೋಡಿಕೊಳ್ಳುತ್ತಿದ್ದವರು ನಮ್ಮವರೇ, ಮೈಸೂರಿನವರು. ನನಗಿಂತ ಹತ್ತು ವರ್ಷ ಹಿರಿಯರು. ಬುಧವಾರ ಬೆಳಿಗ್ಗೆ ಅವರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

“ಟೆಸ್ಟ್ ಗಾಡಿ ಹೆಂಗಿದ್ರೂ ಓಡ್ತಾನೇ ಇರುತ್ತೆ” ಅಂದರು. “ಒಂದು ಕೆಲಸ ಮಾಡೋಣ. ನೀವು ಕಣ್ಣು ಕಟ್ಕೊಂಡು ಕವಲಿಗೆ ಮುಂಚೆ ಶೆಲ್ಟರ್ ಪಕ್ಕ ಗೆರೆ ಮೇಲೆ ನಿಂತ್ಕೊಳ್ಳಿ. ನಾನು ಡ್ರೈವರ್‌ಗೆ ರೇಡಿಯೋದಲ್ಲಿ ಹೇಳಿ ಯಾವ್ದಾದ್ರೂ ಒಂದು ಕಡೆಯಿಂದ ತರಿಸ್ತೀನಿ. ಯಾವ ಕಡೆ ಅಂತ ನಿಮ್ಗೆ ಹೇಳಲ್ಲ. ನೀವು ಗೆಸ್ ಮಾಡ್ಬೇಡಿ, ಕಿವಿಗೆ ಬಿದ್ದಿದ್ದನ್ನ ಮಾತ್ರ ಕೈಯಲ್ಲಿ ತೋರ್ಸಿ.”

“ನಿಮ್ಮ ವೇಳಾಪಟ್ಟಿ ಹಾಳಾಗಲ್ವಾ?”

“ಹಾಳಾದ್ರೆ ನನ್ನ ತಲೆನೋವು. ನೀವು ನಿಂತ್ಕೊಳ್ಳಿ, ಆದ್ರೆ ಅಂಚಿನ ಹತ್ರ ಬರ್ಬೇಡಿ ಮಾರಾಯ್ರೇ.”

ವಿಮಾನದಲ್ಲಿ ಕೊಟ್ಟಿದ್ದ ಕಣ್ಣುಪಟ್ಟಿ ಮನೆಯಲ್ಲಿತ್ತು, ಅದನ್ನೇ ಕಟ್ಟಿಕೊಂಡೆ. ಅವರು ಹಾಳೆಯ ಮೇಲೆ ಗುರುತು ಹಾಕುತ್ತ ಹೋದರು. ಹತ್ತು ಸಲದಲ್ಲಿ ಏಳು ಸಲ ನಾನು ತಪ್ಪು ಕಡೆಗೆ ಕೈ ತೋರಿಸಿದ್ದೆ. ಬಲಗಡೆ ಗಾಡಿ ಬಂದಾಗಲೆಲ್ಲ ನನಗೆ ಅದು ಎಡಗಡೆಯೇ ಕೇಳಿಸಿತ್ತು. ಅನುಮಾನವೇ ಬರದಷ್ಟು ಸ್ಪಷ್ಟವಾಗಿ. ಕಣ್ಣುಪಟ್ಟಿ ತೆಗೆದು ನೋಡಿದರೆ ಗಾಡಿ ಬಲಗಡೆ ನಿಂತಿತ್ತು.

ಕಾರಣ ಗಾಜಿನ ಶೆಲ್ಟರ್ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಬಲಗಡೆಯ ಸದ್ದನ್ನು ಅದು ತಡೆಯುತ್ತಿದೆ, ಎಲ್ಲಿಗೋ ತಿರುಗಿಸುತ್ತಿದೆ. ಮನೆ ಸಾಗಿಸುವವರು ಪೀಠೋಪಕರಣಗಳಿಗೆ ಸುತ್ತುವ ದಪ್ಪ ಕಂಬಳಿಗಳನ್ನು ಬಾಡಿಗೆಗೆ ತಂದು, ಗುರುವಾರ ಬೆಳಿಗ್ಗೆ ಶೆಲ್ಟರಿನ ಎರಡೂ ಮೈಗೆ ಕ್ಲಿಪ್ ಹಾಕಿ ಹೊದಿಸಿದೆವು. ಮತ್ತೆ ಕಣ್ಣು ಕಟ್ಟಿಕೊಂಡೆ. ಹತ್ತರಲ್ಲಿ ಆರು ತಪ್ಪು. ಹೆಚ್ಚೇನೂ ಬದಲಾಗಲಿಲ್ಲ. ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಜೋರಾಯಿತು. ಕಂಬಳಿ ತೆಗೆದು, ಏನೂ ಹೊದಿಸದೆ ಮತ್ತೊಮ್ಮೆ ಮಾಡಿದೆವು. ಈ ಸಲ ಮೂರೇ ತಪ್ಪು.

ಪ್ರಾಜೆಕ್ಟ್ ಲೀಡರ್ ಬಂದು ಆ ಕೊನೆಯ ಹಾಳೆಯನ್ನು ನೋಡಿದ. “ಏನೂ ಮಾಡದೆಯೇ ಏಳರಿಂದ ಮೂರಕ್ಕೆ ಇಳಿದಿದೆ” ಎಂದ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ದಣಿವಿತ್ತು. “ಸೋಮವಾರ ನನಗೆ ಪಟ್ಟಿ ಬೇಕು.”

ಮೈಸೂರಿನವರು ಕಂಬಳಿ ಮಡಿಸುತ್ತ, “ಗಾಳಿ ಸದ್ದನ್ನ ಚೆಲ್ಲಾಪಿಲ್ಲಿ ಮಾಡಿರುತ್ತೆ ಕಣ್ರೀ. ಎಲ್ಲೋ ಒಂದು ಗೋಡೆ ಇದೆ ಅನ್ಸುತ್ತೆ ನಂಗೆ” ಅಂದರು. ಸುತ್ತ ನೋಡಿದೆವು. ಎಡಗಡೆ ಹಳಿಯಾಚೆ ಮನೆಗಳ ಮಹಡಿಗಳು, ಬಾಲ್ಕನಿಯಲ್ಲಿ ಒಣಗುತ್ತಿದ್ದ ಬಟ್ಟೆ, ಆಕಾಶ. ಬಲಗಡೆ ಕಾಲುವೆ, ಹುಲ್ಲು. ಗೋಡೆ ಎಲ್ಲಿಯೂ ಕಾಣಲಿಲ್ಲ.

ಶುಕ್ರವಾರ ಆ ಮಹಿಳೆಯೇ ಫೋನ್ ಮಾಡಿದರು. ಮೊಣಕಾಲು ನೀಲಿಗಟ್ಟಿದೆ, ಆದರೆ ನಡೆಯಬಲ್ಲೆ, ಕೆಲಸಕ್ಕೆ ರಜೆ ಇದೆ, ಬರಲೇ ಎಂದು ಕೇಳಿದರು. ನಾನೇ ಹೋಗಿ ಕರೆತಂದೆ. ಹೊಸ ಕೋಲು ತಂದಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಈ ಸಲ ಅವರು ಗೆರೆಯನ್ನು ಹಿಡಿಯಲೇ ಇಲ್ಲ. ನನ್ನ ಮೊಣಕೈ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿ, ಅದರ ಮಾರ್ದನಿಗೆ ಕಿವಿಗೊಟ್ಟು, ಮುಂದೆ ನಡೆದರು. ಬಲಗಡೆಗೆ ತಿರುಗಿ ಟಕ್ ಅಂದರು. “ಇಲ್ಲಿ ಬಯಲು.” ಎಡಗಡೆಗೆ ತಿರುಗಿದರು. ಟಕ್. ಇನ್ನೊಮ್ಮೆ, ಟಕ್.

“ಇಲ್ಲಿ ಗೋಡೆ ಇದೆಯಲ್ಲ” ಎಂದರು.

“ಇಲ್ಲ. ಹಳಿ ಇದೆ, ಅದರಾಚೆ ಮನೆಗಳು. ದೂರದಲ್ಲಿ.”

“ದೂರ ಅಲ್ಲ. ಹಳಿ ದಾಟಿದ ಕೂಡಲೇ. ನನಗಿಂತ ಎತ್ತರ. ಉದ್ದಕ್ಕೂ ಇದೆ.”

ನಾನು ಎಡಕ್ಕೆ ನೋಡಿದೆ. ಮನೆಗಳು, ಬಾಲ್ಕನಿ, ಬಟ್ಟೆ. ಆಗ ಒಂದು ಹಕ್ಕಿ ಬಂದು ಗಾಳಿಯಲ್ಲಿಯೇ ಕುಳಿತಂತೆ ಕುಳಿತುಕೊಂಡಿತು. ಅದರ ಕಾಲ ಕೆಳಗೆ ಒಂದು ತೆಳ್ಳನೆಯ ಅಂಚು ಮಿನುಗಿತು. ಗಾಜು. ಗಾಡಿಯ ಸದ್ದು ಮನೆಗಳಿಗೆ ಕೇಳಿಸದಿರಲೆಂದು ಮೇಲ್ಸೇತುವೆಯ ಎಡ ಬದಿಗೆ ಮೂರು ಮೀಟರ್ ಎತ್ತರದ ಪಾರದರ್ಶಕ ತಡೆ ಹಾಕಿದ್ದರು. ತಿಂಗಳುಗಟ್ಟಲೆ ನಾನು ಅದರ ಮೂಲಕ ನೋಡಿದ್ದೆ. ಅದನ್ನು ನೋಡಿರಲಿಲ್ಲ.

ಆಫೀಸಿಗೆ ಬಂದು ನಕ್ಷೆ ತೆರೆದೆ. ತಡೆಗೋಡೆ ಮೇಲ್ಸೇತುವೆಯ ನಕ್ಷೆಗಳಲ್ಲಿತ್ತು, ಪ್ಲಾಟ್‌ಫಾರ್ಮಿನದರಲ್ಲಿ ಇರಲಿಲ್ಲ. ಬೇರೆ ತಂಡದ ತಪ್ಪು ಎಂದು ಒಂದು ನಿಮಿಷ ಸಮಾಧಾನವಾಯಿತು. ಆಮೇಲೆ ನನ್ನ ಫೈಲಿನಲ್ಲಿ ಒಂದರ ಮೇಲೊಂದು ಜೋಡಿಸಿದ ನಕ್ಷೆಯ ಪದರಗಳ, ಅಂದರೆ ಲೇಯರುಗಳ, ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದೆ. ಮೇಲ್ಸೇತುವೆಯ ಪದರ ನನ್ನ ಫೈಲಿನಲ್ಲೂ ಇತ್ತು, ಆಫ್ ಆಗಿತ್ತು. ಗೆರೆಗಳು ಜಾಸ್ತಿಯಾಗಿ ನಕ್ಷೆ ಗಲೀಜಾಗಿ ಕಾಣುತ್ತದೆಂದು ಅದನ್ನು ಆಫ್ ಮಾಡಿದ್ದು ನಾನೇ. ಫೈಲು ಅದನ್ನೂ ನೆನಪಿಟ್ಟುಕೊಂಡಿತ್ತು.

ಈಗ ಎಲ್ಲ ಅರ್ಥವಾಯಿತು. ಶೆಲ್ಟರಿನ ಎಡ ಮಗ್ಗುಲಲ್ಲಿ ನಡೆಯುವವರಿಗೆ ಬಲಗಡೆಯ ಗಾಡಿಯ ನೇರ ಸದ್ದನ್ನು ಶೆಲ್ಟರಿನ ಗಾಜು ತಡೆಯುತ್ತದೆ. ಅದೇ ಸದ್ದು ಶೆಲ್ಟರನ್ನು ಹಾರಿ, ಎಡಗಡೆಯ ತಡೆಗೋಡೆಗೆ ಬಡಿದು, ಎಡದಿಂದ ಮರಳುತ್ತದೆ. ಕವಲಿಗೆ ಬರುವ ಮುಂಚೆಯೇ ಕಿವಿ ಎಡ ಎಂದು ತೀರ್ಮಾನಿಸಿಬಿಟ್ಟಿರುತ್ತದೆ. ನಾನು ಕವಲಿನ ದಾರಿಯನ್ನು ಎಳೆದಿದ್ದು ಇಡೀ ನಿಲ್ದಾಣದಲ್ಲಿ ಕಿವಿಯನ್ನು ನಂಬಬಾರದ ಒಂದೇ ಜಾಗದಲ್ಲಿ.

ಆ ಸಂಜೆ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದೆ. ಇಬ್ಬರೂ ಹುಬ್ಬಳ್ಳಿಯವರು. ಅವನಿಗೆ ರಾಟರ್‌ಡ್ಯಾಮ್ ಬಂದರಿನಲ್ಲಿ ಕೆಲಸ.

“ತಪ್ಪು ನಿಂದ ಅಂತ ಯಾರಿಗರ ಗೊತ್ತೈತೇನು?” ಎಂದು ಕೇಳಿದ.

“ಇನ್ನೂ ಇಲ್ಲ.”

“ನಿನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗೂದು ಮೂರು ತಿಂಗಳದಾಗ ಐತಿ. ಇಲ್ಲಿ ಇರೂ ಪರ್ಮಿಟ್ ಅದರ ಮ್ಯಾಲ ನಿಂತೈತಿ. ನೆನಪೈತಿಲ್ಲೋ?”

“ಐತಿ. ಅದಕ್ಕ ಕೇಳಾಕತ್ತೀನಿ.”

ಅವನು ರೊಟ್ಟಿ ಮುರಿದ. “ಆ ಬಾಯಿಯವರು ದಿನಾ ಅಲ್ಲೇ ಹತ್ತವ್ರೇನು?”

“ದಿನಾ.”

“ಹಂಗಾರ ನನ್ನ ಯಾಕ ಕೇಳ್ತಿ? ಬರದು ಕೊಡು. ಆಮ್ಯಾಲ ಏನಾಗ್ತೈತಿ ನೋಡೂಣು.”

ಬರೆದು ಕೊಡುವ ಮೊದಲು ಒಂದು ಸಲ ಖಚಿತಪಡಿಸಿಕೊಳ್ಳಬೇಕಿತ್ತು. ಶನಿವಾರ ಮೈಸೂರಿನವರು ರಜೆ ಬಿಟ್ಟು ಬಂದರು. ಎಡ ಹಳಿಯನ್ನು ಮುಚ್ಚಿಸಿ, ಅದೇ ಕಂಬಳಿಗಳನ್ನು ಈ ಸಲ ಶೆಲ್ಟರಿಗಲ್ಲ, ಆಚೆಯ ತಡೆಗೋಡೆಗೆ ಕಟ್ಟಿದೆವು. ಗಾಡಿ ಬಲ ಹಳಿಯಲ್ಲಿ ಮಾತ್ರ ಓಡಬಹುದಿತ್ತು, ಅದು ಗೊತ್ತಿದ್ದ ನಾನೇ ನಿಂತರೆ ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ಅದಕ್ಕೆ ಅವರು ತಮ್ಮ ಹೆಂಡತಿಯನ್ನು ಕರೆತಂದಿದ್ದರು. ಆಕೆಗೆ ವಿಷಯ ಏನೂ ಹೇಳಿರಲಿಲ್ಲ. ಕಣ್ಣುಪಟ್ಟಿ ಕಟ್ಟಿ ಶೆಲ್ಟರಿನ ಪಕ್ಕ ಅದೇ ಜಾಗದಲ್ಲಿ ನಿಲ್ಲಿಸಿದೆವು. ಹತ್ತರಲ್ಲಿ ಒಂಬತ್ತು ಸಲ ಆಕೆ ಬಲಕ್ಕೆ ಕೈ ತೋರಿದರು. ಕಂಬಳಿ ಬಿಚ್ಚಿ ಮತ್ತೆ ಹತ್ತು ಸಲ. ಎಂಟು ಸಲ ಎಡಕ್ಕೆ.

“ಏನ್ರೀ, ನನ್ನ ಕಿವಿ ಹೋಯ್ತಾ?” ಎಂದು ಆಕೆ ಗಾಬರಿಯಾದರು.

“ನಿನ್ನ ಕಿವಿ ಚೆನ್ನಾಗಿದೆ ಮಾರಾಯ್ತಿ. ನಿಲ್ದಾಣದ್ದೇ ಸರಿ ಇಲ್ಲ” ಎಂದು ಅವರು ನಕ್ಕರು.

ಆಮೇಲೆ ಆಕೆಯನ್ನು ಶೆಲ್ಟರಿಗಿಂತ ಮೊದಲು, ಲಿಫ್ಟಿನ ಬಾಗಿಲಿನೆದುರು ನಿಲ್ಲಿಸಿದೆವು. ಅಲ್ಲಿ ನಡುವೆ ಗಾಜಿಲ್ಲ. ಎಡ ಹಳಿಯನ್ನೂ ತೆರೆಸಿ, ಎರಡೂ ಕಡೆಯಿಂದ ಗಾಡಿ ತರಿಸಿದೆವು. ಹತ್ತಕ್ಕೆ ಹತ್ತು ಸರಿ.

ಸೋಮವಾರ ಎಂಟೂವರೆಗೆ ಮೂರನೆಯ ಚೌಕದಲ್ಲಿ ಗುರುತು ಹಾಕಿದೆ: ಒಪ್ಪಿಗೆ ಇಲ್ಲ. ಕಾರಣದ ಜಾಗದಲ್ಲಿ ನನ್ನ ಪದರದ ವಿಷಯವನ್ನೂ ಬರೆದೆ. ಕಳಿಸುವ ಮೊದಲು ಪ್ರಾಜೆಕ್ಟ್ ಲೀಡರ್ ಕೋಣೆಗೆ ಹೋಗಿ ಹಾಳೆಗಳನ್ನೆಲ್ಲ ಮೇಜಿನ ಮೇಲಿಟ್ಟೆ. ಆತ ಓದಿದ. ಕಿಟಕಿಯತ್ತ ತಿರುಗಿ ಕುಳಿತ. ಮತ್ತೆ ಓದಿದ.

“ಆ ಪದರ ಯಾರು ಆಫ್ ಮಾಡಿದ್ದು ಅಂತ ಬರೆಯಬೇಕಾಗಿರಲಿಲ್ಲ” ಎಂದ.

“ಬರೆಯದಿದ್ದರೆ ಮುಂದಿನ ನಿಲ್ದಾಣದಲ್ಲಿ ಇನ್ಯಾರೋ ಆಫ್ ಮಾಡುತ್ತಾರೆ.”

“ತಡೆಗೋಡೆ ತೆಗೆಯಲಾಗದು. ಮನೆಯವರಿಗೆ ಮಾತು ಕೊಟ್ಟಿದ್ದೇವೆ.”

“ತೆಗೆಯುವುದು ಬೇಡ. ಕವಲನ್ನು ಲಿಫ್ಟಿನ ಬಾಗಿಲಿಗೆ ತರಬೇಕು. ಅಲ್ಲಿಂದಲೇ ಎರಡು ಬೇರೆ ಬೇರೆ ಗೆರೆ, ಶೆಲ್ಟರಿನ ಎಡಕ್ಕೊಂದು, ಬಲಕ್ಕೊಂದು. ಶೆಲ್ಟರಿನ ಪಕ್ಕಕ್ಕೆ ಬರುವ ಹೊತ್ತಿಗೆ ಅವರು ನಿರ್ಧಾರ ಮಾಡಿ ಆಗಿರುತ್ತದೆ.”

“ಬಲ ಮಗ್ಗುಲಲ್ಲಿ ಬೆಂಚು ಇದೆ. ಕಾರ್ಡ್ ತಾಗಿಸುವ ಚೆಕ್-ಇನ್ ಕಂಬ ಇದೆ. ಅದಕ್ಕೇ ಅಲ್ಲವೇ ಎಡಕ್ಕೆ ಹಾಕಿದ್ದು?”

“ಬೆಂಚನ್ನು ಸರಿಸಬಹುದು. ಕಂಬದ ಬಗ್ಗೆ ಮೇಸ್ತ್ರಿಯನ್ನು ಕೇಳಬೇಕು.”

ಆತ ಪೆನ್ನಿನ ಮುಚ್ಚಳ ಹಾಕಿದ. “ಉದ್ಘಾಟನೆಯ ದಿನ ಬದಲಾಗುವುದಿಲ್ಲ. ಅಷ್ಟರೊಳಗೆ ಏನು ಬೇಕೋ ಕೇಳು.” ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದ: “ಕಳಿಸು ಅದನ್ನು. ಹಾಗೇ ಕಳಿಸು.”

ಕಲ್ಲು ಹಾಸುವ ಮೇಸ್ತ್ರಿ ದ ಹೇಗ್‌ನವರು, ಡಚ್ಚರ ಹಳೆಯ ವಸಾಹತು ಸುರಿನಾಮ್ ಮೂಲದ ಹಿಂದೂಸ್ತಾನಿ. ಅವರ ಮುತ್ತಜ್ಜ ಬಿಹಾರದಿಂದ ಹಡಗು ಹತ್ತಿದವರಂತೆ. ನನ್ನನ್ನು ‘ಬೇಟಿ’ ಎಂದೇ ಕರೆಯುತ್ತಿದ್ದರು, ಮಿಕ್ಕ ಮಾತೆಲ್ಲ ಡಚ್. ತಾವೇ ಎರಡು ತಿಂಗಳ ಹಿಂದೆ ನೀಟಾಗಿ ಹಾಸಿದ್ದ ಗೆರೆಯನ್ನು ಕೀಳಬೇಕು ಎಂದಾಗ ಅವರು ಬೈಯುತ್ತಾರೆಂದು ಕಾದಿದ್ದೆ. ಕಾರಣ ಕೇಳಿದರು, ಹೇಳಿದೆ. ಆ ಎಡ ಅಂಚಿಗೆ ಹೋಗಿ ನಿಂತು ಕೆಳಗೆ ಹಳಿ ನೋಡಿ ಬಂದರು. “ನಾಳೆ ಏಳಕ್ಕೆ ಶುರು ಮಾಡ್ತೀವಿ, ಬೇಟಿ” ಎಂದರು.

ಬೆಂಚು ಮಂಗಳವಾರವೇ ಹೋಯಿತು. ಕಂಬ ಕಷ್ಟ ಕೊಟ್ಟಿತು. ಹೊಸ ಗೆರೆಗೂ ಅದಕ್ಕೂ ನಡುವೆ ಅರವತ್ತು ಸೆಂಟಿಮೀಟರ್ ಬೇಕು, ಸಿಕ್ಕಿದ್ದು ಐವತ್ತೊಂದು. ಕಂಬ ಸ್ಥಳಾಂತರಿಸಲು ನೆಲದಡಿಯ ಕೇಬಲ್ ಬದಲಿಸಬೇಕು, ಅದಕ್ಕೆ ಮೂರು ವಾರ ಎಂದು ಕೇಬಲ್‌ನವರು ಹೇಳಿಬಿಟ್ಟರು. ನಾನು ಅಳತೆಪಟ್ಟಿ ಹಿಡಿದು ಮೂರು ಸಲ ಅಳೆದೆ, ಒಂಬತ್ತು ಸೆಂಟಿಮೀಟರ್ ಎಲ್ಲಿಂದಲೂ ಹುಟ್ಟಲಿಲ್ಲ. ಮೇಸ್ತ್ರಿ ಮೊಣಕಾಲೂರಿ ಕಂಬದ ಬುಡವನ್ನು ನೋಡುತ್ತಿದ್ದರು.

“ಬೋಲ್ಟು ನಾಲ್ಕು. ಚೌಕಕ್ಕೆ ಇವೆ” ಎಂದರು.

“ಅದಕ್ಕೆ?”

“ಕಂಬದ ಬುಡ ಒಂದು ಕಡೆ ಉದ್ದ, ಇನ್ನೊಂದು ಕಡೆ ಕಿರಿದು. ಈಗ ಅದರ ಉದ್ದ ಗೆರೆ ಕಡೆ ಚಾಚಿದೆ. ಬಿಚ್ಚಿ ಕಾಲು ಸುತ್ತು ತಿರುಗಿಸಿ ಅದೇ ಬೋಲ್ಟಿಗೆ ಕೂರಿಸಿದರೆ ಕೇಬಲ್ ಅಲ್ಲೇ ಇರುತ್ತದೆ.”

ಕೇಬಲ್‌ನವರನ್ನು ಕರೆಸಿ, ವಿದ್ಯುತ್ ನಿಲ್ಲಿಸಿ, ತಿರುಗಿಸಿದರು. ಅಳೆದೆ. ಅರವತ್ತೆರಡು. ನಾನು ಖುಷಿಯಿಂದ ಚಪ್ಪಾಳೆ ತಟ್ಟಿಬಿಟ್ಟೆ. ಮೇಸ್ತ್ರಿ ಏನೂ ಆಗಿಲ್ಲವೆಂಬಂತೆ ಕಾಫಿ ಕುಡಿಯಲು ಹೋದರು.

ಗೀರಿನ ಕಲ್ಲುಗಳು ಮೂರು ದಿನದಲ್ಲಿ ಕುಳಿತವು. ಉಳಿದಿದ್ದು ಲಿಫ್ಟಿನೆದುರಿನ ಕವಲಿನ ರಬ್ಬರ್ ಹಲಗೆ. ಅದನ್ನು ಅಂಟಿನಿಂದ ಕೂರಿಸಬೇಕು, ಅಂಟಿಗೆ ನೆಲ ಒಣಗಿರಬೇಕು. ಮಳೆ ಹಿಡಿಯಿತು. ಇಲ್ಲಿಯ ಮಳೆ ಸುರಿದು ಮುಗಿಸುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಡೇರೆ ಹಾಕಿದೆವು, ಬಿಸಿಗಾಳಿಯ ಯಂತ್ರ ಇಟ್ಟೆವು. ಮೊದಲ ಹಲಗೆ ಅಂಟಿದಂತೆ ಕಂಡು ಮರುದಿನ ಒಂದು ಮೂಲೆ ಮೇಲೆದ್ದಿತು. ಕಿತ್ತರು. ಉದ್ಘಾಟನೆಯ ದಿನ ಬಂದಾಗ ಕವಲಿನ ಜಾಗ ಬರಿದಾಗಿಯೇ ಇತ್ತು. ಪ್ರಾಜೆಕ್ಟ್ ಲೀಡರ್ ಹಲಗೆ ಕೂರುವವರೆಗೆ ಮೊದಲ ಗಾಡಿಯಿಂದ ಕೊನೆಯ ಗಾಡಿಯವರೆಗೆ ಲಿಫ್ಟಿನ ಬಳಿ ಒಬ್ಬರು ನಿಂತಿರಬೇಕೆಂದು ಪಾಳಿ ಹಾಕಿದ. ಮೊದಲ ದಿನದ ಬೆಳಗಿನ ಪಾಳಿಗೆ ತನ್ನದೇ ಹೆಸರು ಬರೆದಿದ್ದ.

ಐದನೆಯ ದಿನ ಬಿಸಿಲು ಬಂತು. ಮೇಸ್ತ್ರಿ ಹಲಗೆ ಕೂರಿಸಿ, ಮೇಲೆ ಮರಳಿನ ಚೀಲಗಳ ಭಾರ ಹೇರಿ, ಮರುದಿನ ತೆಗೆದರು. ಕೋಲಿನಿಂದ ತಟ್ಟಿದೆ. ಟೊಳ್ಳು ಸದ್ದು ಬಂತು.

ಮುಂದಿನ ಸೋಮವಾರ ಬೆಳಿಗ್ಗೆ ಏಳೂ ಕಾಲಿಗೆ ಆ ಮಹಿಳೆ ಕೆಲಸಕ್ಕೆ ಹೊರಟು ಬಂದರು. ನಾನು ಬಂದಿರುತ್ತೇನೆಂದು ಮೊದಲೇ ಹೇಳಿದ್ದೆ. “ಬಾ, ಆದರೆ ಹಿಂದೆ ಬರಬೇಡ. ಮಾತೂ ಬೇಡ” ಎಂದಿದ್ದರು. ಲಿಫ್ಟಿನ ಪಕ್ಕ ಗೋಡೆಗೊರಗಿ ನಿಂತೆ. ಅವರು ಹೊರಬಂದು ರಬ್ಬರ್ ಹಲಗೆಯ ಮೇಲೆ ನಿಂತರು. ಎಡಗಡೆ ದ ಹೇಗ್ ಗಾಡಿ ಬಂತು. ಅವರು ಕದಲಲಿಲ್ಲ. ಅದು ಹೊರಟುಹೋಯಿತು. ಒಂದು ನಿಮಿಷದ ಮೇಲೆ ಬಲಗಡೆ ಸದ್ದಾಯಿತು. ಅವರು ತಲೆಯನ್ನು ಸ್ವಲ್ಪವೇ ಓರೆ ಮಾಡಿದರು, ಬಲ ಗೆರೆ ಹಿಡಿದರು, ಬೆಂಚು ಇದ್ದ ಜಾಗ ದಾಟಿದರು, ಕಂಬಕ್ಕೆ ಕಾರ್ಡ್ ತಾಗಿಸಿದರು, ಸಂದು ದಾಟಿ ಗಾಡಿಯೊಳಗೆ ಹೋದರು. ಬಾಗಿಲು ಮುಚ್ಚುವ ಮುನ್ನ ಹಿಂದಕ್ಕೆ ತಿರುಗಿ, ನಾನೆಲ್ಲಿದ್ದೇನೆಂದು ಗೊತ್ತಿಲ್ಲದೆ, ಇಡೀ ಪ್ಲಾಟ್‌ಫಾರ್ಮಿಗೇ ಕೈ ಬೀಸಿದರು. ಅಲ್ಲಿ ಕಾಯುತ್ತಿದ್ದ ಒಂದಿಬ್ಬರು ಯಾಕೆಂದು ತಿಳಿಯದೆ ತಾವೂ ಕೈ ಬೀಸಿದರು.

ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಆ ಮಾತುಕತೆಯಲ್ಲಿ ಪದರದ ವಿಷಯ ಬಂತು. ಹೊಸ ನಿಲ್ದಾಣಗಳ ನಕ್ಷೆಗೆ ಸುತ್ತಲಿನ ಗೋಡೆಗಳನ್ನು ಸೇರಿಸುವ ಕೆಲಸವನ್ನು ನನಗೇ ಒಪ್ಪಿಸಿದರು.

ಚಳಿಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮತ್ತೊಂದು ಕೆಲಸಕ್ಕೆ ಆ ನಿಲ್ದಾಣದಲ್ಲಿ ಇಳಿದೆ. ಶೆಲ್ಟರಿನ ಬಳಿ ನಿಂತು ಫೋನಿನಲ್ಲಿ ಮೇಲ್ ಓದುತ್ತಿದ್ದೆ. ಹಿಂದಿನಿಂದ ಏನೋ ನನ್ನ ಶೂಗೆ ತಾಗಿತು. ತಿರುಗಿದರೆ ನಡುವಯಸ್ಸಿನ ಒಬ್ಬ ಮನುಷ್ಯ, ಬೆನ್ನಿಗೆ ಚೀಲ, ಕೈಯಲ್ಲಿ ಬಿಳಿ ಕೋಲು. ನಾನು ಎಂದೂ ನೋಡದವರು. ಗಾಡಿ ಹಿಡಿಯುವ ಅವಸರ ಮುಖದಲ್ಲಿತ್ತು.

“ಮೇಡಂ, ನೀವು ಗೆರೆಯ ಮೇಲೆ ನಿಂತಿದ್ದೀರಿ” ಎಂದರು, ಸಿಡುಕಿನಿಂದಲೇ.

ತಪ್ಪಾಯ್ತು ಎಂದು ಹೇಳಿ ಪಕ್ಕಕ್ಕೆ ಸರಿದೆ. ಅವರು ಮತ್ತೇನೂ ಮಾತಾಡದೆ ಕೋಲನ್ನು ಗೀರುಗಳ ಮೇಲೆ ಆಡಿಸುತ್ತ ಮುಂದೆ ನಡೆದು, ತೆರೆದಿದ್ದ ಬಾಗಿಲಿನೊಳಗೆ ಹೋದರು.